ಚಳಿನಾಡಿನಲ್ಲಿ ಇಡ್ಲಿ ಹಿಟ್ಟಿಗೊಂದು ಬೆಚ್ಚನೆ ಪೆಟ್ಟಿಗೆ

ಜರ್ಮನಿಯ ಚಳಿಗಾಲ, ಅಡುಗೆಮನೆಯಲ್ಲಿ 18 ಡಿಗ್ರಿ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ನೋಡಿದರೆ ಹಾಗೇ ಕೂತಿರುತ್ತದೆ, ಅಲ್ಲವೇ? ಅದು ಉಬ್ಬಲು ಸುಮಾರು 30 ಡಿಗ್ರಿ ಬೇಕು.

ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆ, ಸಸಿ ಬೆಳೆಸಲು ಬಳಸುವ ಹೀಟಿಂಗ್ ಮ್ಯಾಟ್, ಪ್ಲಗ್ ಸಮೇತ ಸಿಗುವ ಥರ್ಮೋಸ್ಟಾಟ್ ಇದ್ದರೆ ಸಾಕು. (230 ವೋಲ್ಟ್ ತಂತಿ ನೀವೇ ಜೋಡಿಸುವ ಸಾಹಸ ಬೇಡ.) ಸೆನ್ಸರನ್ನು ಪಾತ್ರೆಯ ಹೊರಮೈಗೆ ಅಂಟಿಸಿ. ಮ್ಯಾಟ್ ಮೇಲಿಟ್ಟರೆ ಮ್ಯಾಟ್ ಬಿಸಿಯಾದ ಕೂಡಲೇ ಕರೆಂಟ್ ನಿಲ್ಲುತ್ತದೆ, ಹಿಟ್ಟು ತಣ್ಣಗೇ ಉಳಿಯುತ್ತದೆ.

ಡಿಗ್ರಿ ಓದುವ ಕೆಲಸ ಮಕ್ಕಳಿಗೆ ಬಿಡಿ, ಕನ್ನಡದಲ್ಲೇ ಓದಲಿ. ಜರ್ಮನ್‌ನಲ್ಲಿ ಒಂಬತ್ತು ಮೊದಲು, ಇಪ್ಪತ್ತು ಆಮೇಲೆ. ಹಾಗಾಗಿ ನನ್ನ ಮಗಳಿಗೆ 29 ಅಂದರೆ "ಒಂಬತ್ತಿಪ್ಪತ್ತು". ನಾಲ್ಕನೇ ವಾರ ಬೆಳಿಗ್ಗೆ ಕೂಗಿದಳು: "ಅಮ್ಮಾ, ಇಪ್ಪತ್ತೊಂಬತ್ತು! ಹಿಟ್ಟು ಉಕ್ಕಿ ಚೆಲ್ಲಿದೆ!"

ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ.