ರ‍್ಯಾಂಕಿನ ಪಕ್ಕದಲ್ಲಿ ಕಾಯಿಲೆಯ ಕ್ಯಾಲೆಂಡರ್

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಮನೆಮನೆಯಲ್ಲೂ ಅದೇ ಮಾತು. ಕಳೆದ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚಿಗೆ ಕಟಾಫ್ ಎಷ್ಟಿತ್ತು, ಪ್ಲೇಸ್‌ಮೆಂಟ್ ಹೇಗೆ, ಫೀಸು ಎಷ್ಟು. ಆರೋಗ್ಯವಂತ ಮಕ್ಕಳಿಗೆ ಇಷ್ಟು ವಿಚಾರಿಸಿದರೆ ಸಾಕಾದೀತು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಇರುವವರಿಗೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಮಧುಮೇಹಿಗಳಿಗೆ, ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ಫಿಟ್ಸ್ ಬರಬಹುದಾದವರಿಗೆ ಸಾಲದು. ಇಂಥ ಮಕ್ಕಳು ಕಾಲೇಜನ್ನು ಆರಿಸಬೇಕಾದದ್ದು ಮೈ ಕೈಕೊಟ್ಟ ದಿನದ ಲೆಕ್ಕ ಹಿಡಿದು. ಆ ದಿನ ಆಸ್ಪತ್ರೆ ಎಷ್ಟು ದೂರ, ಹಾಜರಿ ಏನಾಗುತ್ತದೆ, ಹಾಸ್ಟೆಲ್ಲಿನಲ್ಲಿ ಯಾರಿಗೆ ಏನು ಗೊತ್ತಿದೆ ಎಂಬ ಪ್ರಶ್ನೆಗಳು ರ‍್ಯಾಂಕಿನಷ್ಟೇ ತೂಕದವು. ನನ್ನ ಅಭಿಪ್ರಾಯದಲ್ಲಿ ರ‍್ಯಾಂಕಿಗಿಂತ ಒಂದು ಗುಲಗಂಜಿ ಹೆಚ್ಚೇ ತೂಕದವು.

ಹಾಜರಿಯಿಂದಲೇ ಶುರುಮಾಡೋಣ, ಏಕೆಂದರೆ ಹೆಚ್ಚಿನವರು ಕೊನೆಗೆ ನೋಡುವುದು ಇದನ್ನೇ. ಸಾಮಾನ್ಯ ಪದವಿ ತರಗತಿಗಳಲ್ಲಿ ಶೇ 75ರಷ್ಟು ಹಾಜರಿ ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್‌ಗೆ ಶೇ 85, ಅದೂ ಪ್ರತಿ ವಿಷಯಕ್ಕೆ ಬೇರೆ ಬೇರೆಯಾಗಿ. ಎಂಬಿಬಿಎಸ್‌ನಲ್ಲಿ ಥಿಯರಿಗೆ ಶೇ 75, ಪ್ರಾಯೋಗಿಕಕ್ಕೆ ಶೇ 80. ಸೆಮಿಸ್ಟರಿಗೆ ಸುಮಾರು 90 ಪಾಠದ ದಿನಗಳೆಂದು ಹಿಡಿದರೆ ಶೇ 85ರ ನಿಯಮದಡಿ ತಪ್ಪಿಸಲು ಸಿಗುವುದು 13 ದಿನ. ಥಲಸ್ಸೇಮಿಯಾ ಇರುವ ವಿದ್ಯಾರ್ಥಿನಿಗೆ ಆ ಅವಧಿಯಲ್ಲಿ ಐದಾರು ಸಲ ರಕ್ತ ಬೇಕಾಗುತ್ತದೆ. ರಕ್ತ ಕೊಡುವ ಕೇಂದ್ರ ಕಾಲೇಜಿರುವ ಊರಲ್ಲೇ ಇದ್ದರೆ ಐದಾರು ದಿನ ಹೋಗುತ್ತದೆ. ಬೇರೆ ಜಿಲ್ಲೆಯಲ್ಲಿದ್ದರೆ ಪ್ರಯಾಣವೂ ಸೇರಿ ಹತ್ತು-ಹನ್ನೆರಡು ದಿನ. ಉಳಿಯುವ ಒಂದರಿಂದ ಮೂರು ದಿನದಲ್ಲಿ ಅವಳಿಗೆ ಒಂದು ಜ್ವರ ಬರುವಷ್ಟೂ ಎಡೆಯಿಲ್ಲ. ಲ್ಯಾಬಿನದು ಇನ್ನೂ ಬಿಗಿ: ವಾರಕ್ಕೊಂದರಂತೆ 14 ಲ್ಯಾಬ್ ನಡೆದರೆ, ಎರಡು ತಪ್ಪಿದರೂ ದಾಟಬಹುದು, ಮೂರನೆಯದು ತಪ್ಪಿದಲ್ಲಿಗೆ ಶೇ 85ರ ಕೆಳಗೆ. ರಕ್ತದ ದಿನ ಮತ್ತು ಲ್ಯಾಬಿನ ದಿನ ಒಂದೇ ಆಗಿಬಿಟ್ಟರೆ ಎಷ್ಟು ಓದಿದರೂ ಆ ವಿಷಯದ ಪರೀಕ್ಷೆಗೆ ಕೂರುವುದು ಕಷ್ಟ. ತಕ್ಕ ಕಾರಣವಿದ್ದರೆ ರಿಯಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಪ್ರಾಂಶುಪಾಲರ ಶಿಫಾರಸಿನಿಂದ ಮೇಲಕ್ಕೆ ಹೋಗಬೇಕು. ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲಿದ್ದರೂ, ಒಂದೇ ಪಠ್ಯಕ್ರಮವಿದ್ದರೂ, ಈ ಮಕ್ಕಳ ಪಾಲಿಗೆ ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸ ಬೀಳುವುದು ಅಲ್ಲೇ.

ಹಾಸ್ಟೆಲ್ಲು ಎರಡನೆಯದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿರಬೇಕು, ಬಳಕೆಯಲ್ಲಿರುವ ಪೆನ್ನು ಹಿತವಾದ ಕೋಣೆಯ ತಾಪದಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕೋಣೆಗಳನ್ನು ಹಿತವಾದ ತಾಪದವು ಎನ್ನಲಾಗದು. ಹಾಗಾಗಿ ವಾರ್ಡನ್ ಕೋಣೆಯ ಫ್ರಿಜ್ಜಿನಲ್ಲಿ ಒಂದು ಮೂಲೆ ಸಿಗುತ್ತದೆಯೇ ಎಂಬುದು ಅಲ್ಲಿ ಚಿಲ್ಲರೆ ಪ್ರಶ್ನೆಯಲ್ಲ. ಊಟದ ಹೊತ್ತೂ ಅಷ್ಟೇ ಮುಖ್ಯ. ಇನ್ಸುಲಿನ್ ತೆಗೆದುಕೊಂಡ ಮೇಲೆ ಮೆಸ್ಸಿನಲ್ಲಿ ಅನ್ನ ಮುಕ್ಕಾಲು ಗಂಟೆ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ, ಮೀರಿದರೆ ಪ್ರಜ್ಞೆಯೇ ತಪ್ಪಬಹುದು. ಕೊಡಗು, ಮೈಸೂರು, ಚಾಮರಾಜನಗರದ ಹಾಡಿ-ಪೋಡುಗಳಿಂದ ಬರುವ, ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಿಗೆ ಚಳಿಯೇ ಶತ್ರು. ಮಳೆಗಾಲದಲ್ಲಿ ತಣ್ಣೀರ ಸ್ನಾನ ಕೂಡ ಮೂಳೆ ಹಿಂಡುವ ನೋವಿಗೆ ದಾರಿಮಾಡಬಹುದು. ಅಂಥವರಿಗೆ ಬಿಸಿನೀರಿರುವ ಹಾಸ್ಟೆಲ್ ಚಿಕಿತ್ಸೆಯ ಒಂದು ಭಾಗ. ಮೂರ್ಛೆ ರೋಗ ಇರುವವರ ಕೋಣೆಯ ಜೊತೆಗಾರನಿಗೆ, ಫಿಟ್ಸ್ ಬಂದಾಗ ಕೈಗೆ ಬೀಗದಕೈ ತುರುಕದೆ, ಬಾಯಿಗೆ ನೀರು ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು ಎಂದು ಗೊತ್ತಿರಬೇಕು. ಕಾಲೇಜಿನ ಯಾವ ಜಾಹೀರಾತಿನಲ್ಲೂ ಇವು ಕಾಣಸಿಗುವುದಿಲ್ಲ. ಹೋಗಿಯೇ ನೋಡಬೇಕು, ಕೇಳಿಯೇ ತಿಳಿಯಬೇಕು.

ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಏಳು ವಿಭಾಗಗಳನ್ನು 21ಕ್ಕೆ ಏರಿಸಿತು. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಮಲ್ಟಿಪಲ್ ಸ್ಕ್ಲೆರೋಸಿಸ್ ಒಳಗೆ ಬಂದವು. ಟೈಪ್ 1 ಮಧುಮೇಹ ಹೊರಗೇ ಉಳಿಯಿತು. ಪಟ್ಟಿಯಲ್ಲಿದ್ದು ಶೇ 40ರ ಪ್ರಮಾಣಪತ್ರ ಸಿಕ್ಕವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಉಳಿದವರೂ ಕೈಚೆಲ್ಲಿ ಕೂರಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಶೇ 40ರ ಗೆರೆ ಇರುವುದು ಮೀಸಲಾತಿಯಂಥ ಸೌಲಭ್ಯಕ್ಕೆ. ಪರೀಕ್ಷೆ ಬರೆಯಲು ಸಹಾಯಕನನ್ನು ಕೊಡುವಂಥ ಸಮಂಜಸ ಹೊಂದಾಣಿಕೆಯನ್ನು ಆ ಗೆರೆ ತೋರಿಸಿ ನಿರಾಕರಿಸುವಂತಿಲ್ಲ ಎಂದಿತು. ಆ ಅರ್ಜಿದಾರರಿಗಿದ್ದದ್ದು ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆ. ದೀರ್ಘಕಾಲದ ಕಾಯಿಲೆಯ ವಿದ್ಯಾರ್ಥಿ ಕಾಲೇಜಿಗೆ ಮನವಿ ಬರೆಯುವಾಗ ಈ ತೀರ್ಪನ್ನು ಹೆಸರಿಸಿ ಬರೆಯುವುದು ಒಳ್ಳೆಯದು. ಇಷ್ಟಾದರೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಸಿಬಿಎಸ್‌ಇ 2017ರಲ್ಲೇ ಮಧುಮೇಹದ ಮಕ್ಕಳು ಪರೀಕ್ಷಾ ಕೊಠಡಿಗೆ ಸಿಹಿ, ಹಣ್ಣು ಒಯ್ಯಲು ಒಪ್ಪಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ತರಗತಿಯಲ್ಲೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಿ ಎಂದು ರಾಜ್ಯಗಳಿಗೆ ಬರೆಯಿತು. ಇವೆಲ್ಲ ಶಾಲೆಯ ಮಕ್ಕಳಿಗೆ. ಹದಿನೆಂಟು ದಾಟಿ ಕಾಲೇಜಿನ ಗೇಟಿಗೆ ಬಂದವರ ಕಾಯಿಲೆ ಅಲ್ಲಿಗೇ ನಿಲ್ಲುವುದಿಲ್ಲವಲ್ಲ.

ಹೀಗೆ ಆಸ್ಪತ್ರೆ, ಮೆಸ್ಸು, ಹಾಜರಿ ಎಂದು ಕೂತರೆ ಮಕ್ಕಳ ಕನಸು ಕುಗ್ಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಆತಂಕ ಗೌರವಕ್ಕೆ ಅರ್ಹ, ಏಕೆಂದರೆ ಕಾಯಿಲೆಯ ನೆಪದಲ್ಲಿ, ಅದರಲ್ಲೂ ಹೆಣ್ಣುಮಕ್ಕಳನ್ನು, ಮನೆಯ ಪಕ್ಕದ ಕಾಲೇಜಿಗೆ ಕಟ್ಟಿಹಾಕುವುದು ನಮ್ಮಲ್ಲಿ ಇದ್ದದ್ದೇ. ನಾನು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ. ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ತಿಳಿದವರು ದೂರಕ್ಕೂ ಧೈರ್ಯವಾಗಿ ಹೋಗಬಲ್ಲರು. ಕೆಲವರಿಗೆ ಊರಿನ ಕಾಲೇಜಿಗಿಂತ ನೂರಾರು ಮೈಲಿ ದೂರದ ನಗರವೇ ಸುರಕ್ಷಿತ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇದ್ದೂ ವೈದ್ಯರಾದರು, ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿದರು, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ನಿಲ್ಲಿಸಿದರು. ಆ ಊರಿನಲ್ಲಿ ಈ ಕಾಯಿಲೆಗೆ ಚಿಕಿತ್ಸಾ ಕೇಂದ್ರವಿದೆ. ಕೀಲಿನಲ್ಲಿ ರಕ್ತ ಸೋರಲು ಶುರುವಾದಾಗ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಷ್ಟು ಬೇಗ ಸಿಕ್ಕಿತು ಎನ್ನುವುದರ ಮೇಲೆ ಮಂಡಿಯ ಭವಿಷ್ಯ ನಿಂತಿರುವಾಗ, ಹಿಮೋಫಿಲಿಯಾ ಇರುವ ಹುಡುಗನೊಬ್ಬ ದಾವಣಗೆರೆಯ ಕಾಲೇಜನ್ನು ತನ್ನ ಪಟ್ಟಿಯಲ್ಲಿ ಮೇಲಕ್ಕೆ ಹಾಕಿದರೆ ಅದನ್ನು ಕನಸು ಕುಗ್ಗಿಸಿಕೊಂಡದ್ದು ಎನ್ನಲು ನನಗಂತೂ ಮನಸ್ಸಿಲ್ಲ.

ಕಾಯಿಲೆಯನ್ನು ಹೇಳಿಕೊಂಡರೆ ಸೀಟು ತಪ್ಪೀತು, ನಾಳೆ ಮದುವೆಗೂ ತೊಡಕಾದೀತು ಎಂಬ ಭಯವೂ ಇದೆ. ಸಿಇಟಿ ಸೀಟು ಹಂಚಿಕೆಯಾಗುವುದು ರ‍್ಯಾಂಕಿನ ಮೇಲೆ, ಅಲ್ಲಿ ಕಾಲೇಜಿನ ಮರ್ಜಿಗೆ ಜಾಗವಿಲ್ಲ. ಹಾಗಾಗಿ ವಿಚಾರಣೆಯನ್ನು ಹೆಸರು ಹೇಳದೆ ಮೊದಲೇ ಮಾಡಬಹುದು, ತಿಳಿಸುವುದನ್ನು ದಾಖಲಾದ ದಿನ ಮಾಡಬಹುದು. ಇಡೀ ತರಗತಿಗೆ ಸಾರಬೇಕಿಲ್ಲ. ಪ್ರಾಂಶುಪಾಲರು, ವಾರ್ಡನ್, ಒಬ್ಬ ಅಧ್ಯಾಪಕರು, ಒಬ್ಬ ಗೆಳೆಯ ಅಥವಾ ಗೆಳತಿ ಸಾಕು. ಮುಚ್ಚಿಟ್ಟ ಕಾಯಿಲೆ ರಾತ್ರಿ ಎರಡು ಗಂಟೆಗೆ ತಾನಾಗಿ ಬಯಲಾದಾಗ ಪಕ್ಕದಲ್ಲಿರುವವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ಒಬ್ಬರಿಗೆ ಹಾಜರಿ ಸಡಿಲಿಸಿದರೆ ಉಳಿದವರೂ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ ಎಂದು ಅಧ್ಯಾಪಕರು ಹೇಳುವುದರಲ್ಲಿ ಹುರುಳಿದೆ. ಸೆಮಿಸ್ಟರಿನ ಕೊನೆಯ ವಾರ ಹುಟ್ಟಿಕೊಳ್ಳುವ ಸರ್ಟಿಫಿಕೇಟುಗಳನ್ನು ಅವರು ನೋಡಿ ಬೇಸತ್ತಿದ್ದಾರೆ. ದೀರ್ಘ ಕಾಯಿಲೆಯ ಕಾಗದ ಅಂಥದ್ದಲ್ಲ. ಅದನ್ನು ಮೊದಲ ದಿನವೇ ಕೊಡಬಹುದು, ಚಿಕಿತ್ಸೆಯ ದಿನಗಳನ್ನು ಮುಂಚಿತವಾಗಿ ಬರೆದುಕೊಡಬಹುದು, ತಪ್ಪಿದ ಲ್ಯಾಬನ್ನು ಬೇರೆ ಬ್ಯಾಚಿನೊಂದಿಗೆ ಮಾಡಿಸಬಹುದು. ಪರೀಕ್ಷೆ ಎಲ್ಲರಿಗೂ ಇರುವುದೇ, ಪ್ರಶ್ನೆಪತ್ರಿಕೆಯೂ ಅದೇ. ಇಷ್ಟೆಲ್ಲ ಏಕೆ, ದೂರಶಿಕ್ಷಣವಿದೆಯಲ್ಲ ಎಂದರೆ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಎಷ್ಟೋ ಜನರಿಗೆ ಪದವಿ ಕೊಟ್ಟಿದೆ, ಬೇಕೆನಿಸಿದವರು ಖಂಡಿತ ಆ ದಾರಿ ಹಿಡಿಯಲಿ. ಆದರೆ ಎಂಜಿನಿಯರಿಂಗ್, ನರ್ಸಿಂಗ್, ವೈದ್ಯಕೀಯವನ್ನು ಮನೆಯಲ್ಲಿ ಕೂತು ಓದಲಾಗದು. ಗೆಳೆತನವೂ ಅಂಚೆಯಲ್ಲಿ ಬರುವುದಿಲ್ಲ.

ಆಪ್ಷನ್ ಪಟ್ಟಿಯನ್ನು ಲಾಕ್ ಮಾಡುವ ಮೊದಲು ತಂದೆತಾಯಿ ಮಕ್ಕಳೊಂದಿಗೆ ಕೂತು ಹಿಂದಿನ ವರ್ಷದ ಕ್ಯಾಲೆಂಡರ್ ತೆಗೆಯಲಿ. ಆಸ್ಪತ್ರೆಗೆ ಹೋದ ದಿನ, ಹಾಸಿಗೆ ಹಿಡಿದ ದಿನಗಳಿಗೆ ಗುರುತು ಹಾಕಿ ಎಣಿಸಲಿ, ಆ ಸಂಖ್ಯೆಯನ್ನು ಪ್ರತಿ ಕಾಲೇಜಿನ ಹಾಜರಿ ನಿಯಮದ ಪಕ್ಕ ಇಟ್ಟು ನೋಡಲಿ. ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ ಒಂದೇ: ಮುಂದಿನ ಪ್ರವೇಶಾತಿಯ ಪ್ರಾಸ್ಪೆಕ್ಟಸ್‌ನಲ್ಲಿ ಒಂದು ಪುಟವನ್ನು ಈ ಮಕ್ಕಳಿಗೆ ಬಿಡಿ. ಹಾಜರಿ ರಿಯಾಯಿತಿಗೆ ಯಾರಿಗೆ, ಯಾವಾಗ ಅರ್ಜಿ ಕೊಡಬೇಕು, ತಪ್ಪಿದ ಲ್ಯಾಬಿಗೆ ಏನು ವ್ಯವಸ್ಥೆ, ಔಷಧ ಇಡಲು ಫ್ರಿಜ್ ಎಲ್ಲಿದೆ, ರಾತ್ರಿ ಫೋನ್ ಮಾಡಿದರೆ ಎತ್ತುವವರು ಯಾರು ಎಂದು ಅದರಲ್ಲಿ ಅಚ್ಚು ಹಾಕಿಸಿ.