ಗಾಳಕ್ಕೊಂದು ನ್ಯಾಯ, ಬಲೆಗೊಂದು ನ್ಯಾಯ

ದೂರದಲ್ಲಿ ಹತ್ತಾರು ಮಂದಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವಂತಹ ಸದ್ದು. ಆದರೆ ನಾವಿದ್ದುದು ಬೋಟ್ಸ್‌ವಾನಾದ ವಾಯವ್ಯ ಮೂಲೆಯಲ್ಲಿ, ಒಕವಾಂಗೊ ನದಿಯ ನಡುವೆ. ಅಲ್ಲಿ ಕಲ್ಲೂ ಇರಲಿಲ್ಲ, ಬಟ್ಟೆ ಒಗೆಯುವವರೂ ಇರಲಿಲ್ಲ. ಎರಡೂ ದಡಗಳಲ್ಲಿ ಆಳೆತ್ತರ ಮೀರಿದ ಪ್ಯಾಪಿರಸ್ ಜೊಂಡು. ಅದರ ಬುಡದಲ್ಲಿ ನೂರಾರು ಕ್ಯಾಟ್‌ಫಿಶ್‌ಗಳು ಬಾಲದಿಂದ ಜೊಂಡನ್ನು ಬಡಿಯುತ್ತ, ಬೇರುಗಳ ನಡುವೆ ಅಡಗಿದ್ದ ಸಣ್ಣ ಮೀನುಗಳನ್ನು ಹೊರಗೆಬ್ಬಿಸುತ್ತಿದ್ದವು. ಮೇಲೆ ಬೆಳ್ಳಕ್ಕಿಗಳು ಕಾದಿದ್ದವು. ತುಸು ಆಳದ ನೀರಿನಲ್ಲಿ, ತಪ್ಪಿಸಿಕೊಂಡು ಬಂದವನ್ನು ಹಿಡಿಯಲು ಟೈಗರ್‌ಫಿಶ್‌ಗಳು ಕಾದಿದ್ದವು. ಅವುಗಳಿಗಾಗಿ ನಾವು ಕಾದಿದ್ದೆವು.

ಗ್ಯಾಬೊರೊನ್‌ನಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಅಳಿಯನಿಗೆ ಫ್ಲೈ ಫಿಶಿಂಗ್‌ನ ಗೀಳು. 2023ರ ಸೆಪ್ಟೆಂಬರಿನಲ್ಲಿ ನಾನು ಮಗಳ ಮನೆಗೆ ಹೋಗಿದ್ದಾಗ ಆತ ನನ್ನನ್ನೂ ಹೊರಡಿಸಿದ. ಮೌನ್ ಪಟ್ಟಣದಿಂದ ಶಕಾವೆಗೆ 350 ಕಿ.ಮೀ.ಗೂ ಹೆಚ್ಚು ದೂರ. ದಾರಿಯುದ್ದಕ್ಕೂ ಕತ್ತೆಗಳು, ದನಗಳು, ಮರಳು. ನಮ್ಮ ಹಳ್ಳಿಯ ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೂತರೆ ಮುಗಿಯಿತು. ಇಲ್ಲಿ ಹಾಗಲ್ಲ. ಗರಿ, ಕೂದಲು, ಮಿರುಗುವ ದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿಮೀನಿಗೆ ತೂಕವೇ ಇರುವುದಿಲ್ಲ. ಅದನ್ನು ಹೊತ್ತೊಯ್ಯುವುದು ದಪ್ಪನೆಯ ದಾರದ ಭಾರ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಆ ದಾರವನ್ನು ಗಾಳಿಯಲ್ಲಿ ಬಿಚ್ಚಬೇಕು. ‘ತೋಳಿನ ಬಲ ಬೇಡ ಮಾವ, ತಾಳ ಸಾಕು’ ಎಂದು ಅಳಿಯ ಹೇಳುತ್ತಲೇ ಇದ್ದ. ಮೊದಲ ದಿನ ನನ್ನ ದಾರ ಸುತ್ತಿಕೊಂಡದ್ದು ಜೊಂಡಿಗೆ, ದೋಣಿಗೆ ಮತ್ತು ಒಮ್ಮೆ ನನ್ನ ಟೋಪಿಗೆ.

ಟೈಗರ್‌ಫಿಶ್‌ನ ವೈಜ್ಞಾನಿಕ ಕುಲನಾಮದ ಅರ್ಥ ‘ನೀರುನಾಯಿ’; ನಾವು ನೀರುನಾಯಿ ಎನ್ನುವ ಪ್ರಾಣಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಹಲ್ಲಿಗೆ ಸಾಧಾರಣ ದಾರ ತಾಳದಾದ್ದರಿಂದ ಕೊಕ್ಕೆಯ ಹಿಂದೆ ತಂತಿ ಕಟ್ಟುತ್ತಾರೆ. ಬಾಯಿ ಮೂಳೆಯಂತೆ ಗಟ್ಟಿ. ಕೊಕ್ಕೆ ನಾಟುವುದೇ ಕಷ್ಟ, ನಾಟಿದರೂ ಮೀನು ಮೇಲಕ್ಕೆ ಜಿಗಿದು ತಲೆ ಕೊಡವಿ ಕಳಚಿಕೊಳ್ಳುತ್ತದೆ. ಇನ್ನು ಜೊಂಡು ಬಡಿಯುವ ಕ್ಯಾಟ್‌ಫಿಶ್‌ಗಳಲ್ಲಿ ಒಂದು ಜಾತಿ, ನಮ್ಮಲ್ಲಿ ಸಾಕಣೆ ನಿಷೇಧವಾಗಿದ್ದರೂ ಕದ್ದುಮುಚ್ಚಿ ಹೊಂಡಗಳಲ್ಲಿ ಬೆಳೆಸಿ ಆಗಾಗ ಸುದ್ದಿಯಾಗುವ ಅದೇ ಆಫ್ರಿಕನ್ ಕ್ಯಾಟ್‌ಫಿಶ್. ತನ್ನ ತವರಿನಲ್ಲಿ ಅದು ಇಷ್ಟು ಗಂಭೀರವಾದ ಜೀವಿಯೆಂದು ನನಗೆ ತಿಳಿದಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಮ್ಮ ದೋಣಿಯ ಎಂಜಿನ್ ಏನನ್ನೋ ಕಚ್ಚಿಕೊಂಡು ನಿಂತಿತು. ಬಲೆ. ಸ್ವಲ್ಪ ಹೊತ್ತಿಗೆ ಮರದ ಕಾಂಡ ಕೊರೆದು ಮಾಡಿದ ಮೊಕೊರೊ ದೋಣಿಯಲ್ಲಿ ಮಧ್ಯವಯಸ್ಸಿನ ಬೆಸ್ತನೊಬ್ಬ ಜೊಂಡಿನಿಂದ ಹೊರಬಂದ. ಮೊಸಳೆ, ನೀರಾನೆಗಳಿರುವ ನದಿಯಲ್ಲಿ ಆತ ಅಂಗೈಯಗಲದ ಅಂಚಿನ ಮೇಲೆ ಕೂತಿದ್ದ. ಬೈಯಲಿಲ್ಲ, ನಮ್ಮ ದೋಣಿ ನಡೆಸುವವನೊಂದಿಗೆ ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡಿ ಹರಿದ ತುಂಡುಗಳನ್ನು ಬಿಡಿಸಿಕೊಂಡ. ಅಳಿಯ ಕೊಟ್ಟ ಹಣವನ್ನು ಎಣಿಸದೆ ಜೇಬಿಗಿಟ್ಟ.

ಆತ ಹೋದ ಮೇಲೆ ದೋಣಿಯವನು ಹೇಳಿದ ವಿಷಯ ಇಷ್ಟು. ಅವನ ಅಣ್ಣನೂ ಬಲೆ ಹಾಕುವವನೇ. ವಸತಿಗೃಹದವರ ದೃಷ್ಟಿಯಲ್ಲಿ ಮೀನು ಕಡಿಮೆಯಾಗಲು ಬಲೆಗಳೇ ಕಾರಣ. ಬೆಸ್ತರ ದೃಷ್ಟಿಯಲ್ಲಿ ಬಲೆ ಹರಿಯಲು, ಮೊಕೊರೊ ಮಗುಚಲು ಯಂತ್ರದೋಣಿಗಳೇ ಕಾರಣ. ನಾವು ಒಂದು ದಿನಕ್ಕೆ ತೆರುತ್ತಿದ್ದ ಬಾಡಿಗೆ ಅವನ ಅಣ್ಣನ ತಿಂಗಳ ಗಳಿಕೆಗಿಂತ ಹೆಚ್ಚು.

ಆ ಹರಿದ ಬಲೆ ನನ್ನನ್ನು ಮೂವತ್ತು ವರ್ಷ ಹಿಂದಕ್ಕೊಯ್ದಿತು. ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಜಲಾಶಯವೊಂದರ ಹಿನ್ನೀರಿನಲ್ಲಿ ಮೀನಿನ ಹಕ್ಕು ಪಡೆದಿದ್ದ ಗುತ್ತಿಗೆದಾರನ ದೂರಿನ ಮೇರೆಗೆ ಹನ್ನೊಂದು ಕುಟುಂಬಗಳ ಬಲೆಗಳನ್ನು ಜಪ್ತಿ ಮಾಡಿಸಿದ್ದೆ. ಕಡತ ಸರಿಯಾಗಿತ್ತು, ಮಹಜರು ಸರಿಯಾಗಿತ್ತು, ನಿಯಮ ಸ್ಪಷ್ಟವಾಗಿತ್ತು. ಬಲೆಗಳು ತಾಲ್ಲೂಕು ಕಚೇರಿಯ ಹಿಂದಿನ ಕೋಣೆಯಲ್ಲಿ ಮಳೆಗಾಲ ಪೂರ್ತಿ ಬಿದ್ದು, ಇಲಿಗಳ ಪಾಲಾದವು. ಆ ಕುಟುಂಬಗಳು ಆ ವರ್ಷ ಏನು ತಿಂದವೆಂದು ನಾನು ಕೇಳಲಿಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಆ ಪ್ರಶ್ನೆ ಹೊಳೆಯಬೇಕಿತ್ತು.

ಬೋಟ್ಸ್‌ವಾನಾ ಸರ್ಕಾರವನ್ನು ದೂರುವುದು ಸುಲಭವಲ್ಲ. 1990ರ ಪ್ರವಾಸೋದ್ಯಮ ನೀತಿಯಲ್ಲೇ ಅದು ಕಡಿಮೆ ಪ್ರವಾಸಿಗರು, ಹೆಚ್ಚು ಆದಾಯ ಎಂಬ ದಾರಿ ಹಿಡಿಯಿತು. ಒಕವಾಂಗೊ ಇಂದಿಗೂ ಹಾಳಾಗದೆ ಉಳಿದು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಯ 1000ನೇ ತಾಣವಾದುದರಲ್ಲಿ ಆ ನೀತಿಯ ಪಾಲೂ ಇದೆ. ಮೀನು ಮರಿಮಾಡುವ ಕಾಲವೆಂದು ಜನವರಿ, ಫೆಬ್ರವರಿಗಳಲ್ಲಿ ಅಲ್ಲಿ ಮೀನುಗಾರಿಕೆಗೆ ರಜೆ. ಗಾಳಕ್ಕೂ ಬಲೆಗೂ ನಿಯಮ ಒಂದೇ. ಆದರೆ ಅದು ಮಳೆಗಾಲ. ವಸತಿಗೃಹಗಳಲ್ಲಿ ಹೇಗೂ ಅತಿಥಿಗಳು ವಿರಳ. ಬೆಸ್ತನಿಗೆ ಮಾತ್ರ ಅದು ಎರಡು ತಿಂಗಳ ಅನ್ನ. ‘ಆಗ ಅಣ್ಣನ ಮನೆಗೆ ನಾನೇ ಹಿಟ್ಟು ಕಳಿಸುತ್ತೇನೆ’ ಎಂದ ದೋಣಿಯವನು. ಅಂದರೆ ಪ್ರವಾಸಿಗರ ಹಣ ಆ ಮನೆಗೂ ತಲುಪುತ್ತದೆ, ತಮ್ಮನ ಕೃಪೆಯ ರೂಪದಲ್ಲಿ.

ಮೀನು ನಿಜಕ್ಕೂ ಬಲೆಯಿಂದಲೇ ಕಡಿಮೆಯಾಗುತ್ತಿದೆಯೇ? ಮೌನ್‌ನ ಒಕವಾಂಗೊ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳು ಬೆರಳು ತೋರುವುದು ಮುಖ್ಯವಾಗಿ ಪ್ರವಾಹದತ್ತ. ನೆರೆ ದೊಡ್ಡದಾದ ವರ್ಷ ಬಯಲೆಲ್ಲ ನೀರಾಗಿ ಮರಿಗಳಿಗೆ ಆಹಾರ, ಆಸರೆ ಸಿಗುತ್ತದೆ. ನೆರೆ ಸಣ್ಣದಾದರೆ ಮೀನೂ ಕಡಿಮೆ. ಆ ನೆರೆಯ ಮೂಲ ಅಂಗೋಲಾದ ಬೆಟ್ಟಗಳು. ಅಲ್ಲಿನ ಮಳೆಯ ನೀರು ಕುಬಾಂಗೊ, ಕುಯಿಟೊ ನದಿಗಳಾಗಿ ನಮೀಬಿಯಾ ದಾಟಿ ಬೋಟ್ಸ್‌ವಾನಾದ ಒಣಹವೆಯ ತಿಂಗಳುಗಳಲ್ಲಿ ಮುಖಜಭೂಮಿಗೆ ಹರಡಿ, ಸಮುದ್ರ ಕಾಣದೆ ಕಲಹರಿಯ ಮರಳಿನಲ್ಲಿ ಮುಗಿಯುತ್ತದೆ. 2019ರ ಬರದಲ್ಲಿ ನೆರೆ ತೀರಾ ಕ್ಷೀಣಿಸಿತ್ತು. 1990ರ ದಶಕದ ಬರಗಾಲದಲ್ಲಿ ನಮೀಬಿಯಾ ತನ್ನ ರಾಜಧಾನಿಗೆ ಇದೇ ನದಿಯಿಂದ ಕೊಳವೆ ಎಳೆಯುವ ಮಾತಾಡಿತ್ತು. 2021ರಲ್ಲಿ ಕೆನಡಾ ಮೂಲದ ಕಂಪನಿಯೊಂದು ನಮೀಬಿಯಾದ ಕವಾಂಗೊ ಪ್ರದೇಶದಲ್ಲಿ ತೈಲಕ್ಕಾಗಿ ಬಾವಿ ಕೊರೆಯಿತು. ಮೂರು ದೇಶಗಳು ಕೂಡಿ 1994ರಲ್ಲಿ ಸ್ಥಾಪಿಸಿದ ನದಿ ಆಯೋಗವೊಂದಿದೆ. ಕಾವೇರಿಯ ಅನುಭವವಿರುವ ನಮಗೆ ಅಷ್ಟು ಮುಂಚೆಯೇ ಮಾತಿಗೆ ಕೂತದ್ದೇ ಸೋಜಿಗ. ಅಂಗೋಲಾದ ಮಳೆಯ ಮೇಲಾಗಲಿ, ಆ ಬಾವಿಗಳ ಮೇಲಾಗಲಿ ಗಾಳದವನಿಗೂ ಹಿಡಿತವಿಲ್ಲ, ಬಲೆಯವನಿಗೂ ಇಲ್ಲ. ಜಗಳ ಮಾತ್ರ ಅವರಿಬ್ಬರದು.

ಗಾಳದ ಪ್ರವಾಸೋದ್ಯಮವೇ ಕೆಟ್ಟದ್ದೆಂದು ನಾನು ಹೇಳಲಾರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದ ಮಹಶೀರನ್ನು ತೂಗಿ ನೀರಿಗೆ ಬಿಡುವ ಪದ್ಧತಿ ಇದ್ದಷ್ಟು ಕಾಲ, ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರೇ ಕಾವಲುಗಾರರಾಗಿದ್ದರು. ವನ್ಯಜೀವಿಧಾಮದಲ್ಲಿ ಗಾಳವೂ ಬೇಟೆಯೇ ಎಂಬ ನಿಲುವಿನಿಂದ ಅದು ನಿಂತಿತು. 2018ರಲ್ಲಿ ಆ ಡುಬ್ಬದ ಮಹಶೀರ್ ಅಳಿವಿನ ಅಂಚಿನ ಪಟ್ಟಿ ಸೇರಿತು. ಗಾಳ ನಿಂತದ್ದರಿಂದಲೇ ಹೀಗಾಯಿತೆಂದು ವಾದಿಸುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಕಾವಲುಗಾರರನ್ನು ಮನೆಗೆ ಕಳಿಸಿದ ಆದೇಶದಲ್ಲಿ ಅವರ ಊಟದ ಪ್ರಸ್ತಾಪವಿತ್ತೇ ಎಂದು ನೋಡುವ ಕುತೂಹಲ ನನಗಿದೆ.

ಮೂರನೆಯ ದಿನ ಸಂಜೆ ನನಗೂ ಒಂದು ಟೈಗರ್‌ಫಿಶ್ ಸಿಕ್ಕಿತು, ಚಿಕ್ಕದು. ಅಳಿಯ ಫೋಟೊ ತೆಗೆದು ಅದನ್ನು ನೀರಿಗೆ ಬಿಟ್ಟ. ದೋಣಿಯವನು ಮೀನು ಹೋದ ದಿಕ್ಕನ್ನೇ ಸ್ವಲ್ಪ ಹೊತ್ತು ನೋಡಿದ.

ಮರುದಿನ ಬೆಳಿಗ್ಗೆ ಹಿಂತಿರುಗುವಾಗ ಅದೇ ತಿರುವಿನಲ್ಲಿ ನೀರಿನ ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ತೇಲುತ್ತಿದ್ದವು. ಆತ ಬಲೆಗೆ ತೇಪೆ ಹಾಕಿ ಮತ್ತೆ ಬಿಟ್ಟಿದ್ದ. ದೋಣಿಯವನು ಎಂಜಿನ್ ಆರಿಸಿ, ಉದ್ದದ ಕೋಲು ತೆಗೆದುಕೊಂಡು, ಜೊಂಡಿನಂಚಿಗೆ ಸುತ್ತು ಹಾಕಿ ನಿಧಾನವಾಗಿ ದೋಣಿ ದಾಟಿಸಿದ. ಕಾಲು ಗಂಟೆ ಹಿಡಿಯಿತು. ಅಳಿಯ ಒಮ್ಮೆ ಗಡಿಯಾರ ನೋಡಿಕೊಂಡ, ಏನೂ ಹೇಳಲಿಲ್ಲ.