ಲಕ್ವಾ ಹೊಡೆದಾಗ ತಂಬಿಗೆ ಕೆಳಗಿಡಿ

ಕೂತಲ್ಲೇ ಒಬ್ಬರ ಬಾಯಿ ಸೊಟ್ಟಗಾಗಿ ಕೈ ಜೋತು ಬಿತ್ತೆಂದರೆ, ನೇಸರಗಿ ಸುತ್ತಿನ ಹಳ್ಳಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ಲಕ್ವಾ ಹೊಡದೈತಿ, ಒಂದ್ ಗುಟುಕ ನೀರ ಕುಡಸ್ರಿ.’ ತುಟಿಗೆ ಹಿಡಿದ ತಂಬಿಗೆಯ ನೀರು ಅರ್ಧ ಕಟಬಾಯಿಂದ ಅಂಗಿಯ ಮೇಲೆ ಇಳಿಯುತ್ತದೆ. ಉಳಿದರ್ಧ ಎಲ್ಲಿ ಹೋಯಿತೆಂದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಲಕ್ವಾಗಳಲ್ಲಿ ಹೆಚ್ಚಿನವು ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವಂಥವು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ದರು. ಸತ್ತ ಕೋಶಗಳಿಂದ ಸೋರಿದ ವಸ್ತುಗಳು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುತ್ತವೆ. ಮೊದಲು ಏಳುವುದು ಮಿದುಳಿನಲ್ಲೇ ವಾಸವಿರುವ ಮೈಕ್ರೋಗ್ಲಿಯಾ ಕೋಶಗಳು. ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ.

ಬಣವೆಗೆ ಬೆಂಕಿ ಬಿದ್ದರೆ ಊರ ಮಂದಿ ಕೊಡ ಹಿಡಿದು ಓಡಿ ಬರುತ್ತಾರೆ. ಆ ಗಡಿಬಿಡಿಯಲ್ಲಿ ಪಕ್ಕದ ಹೊಲದ ಜೋಳ ತುಳಿದುಹೋಗುತ್ತದೆ. ಮಿದುಳಿನಲ್ಲೂ ಹಾಗೆಯೇ. ಈ ಕಣಗಳು ಬಿಡುವ ಕಿಣ್ವಗಳು ರಕ್ತನಾಳದ ಗೋಡೆಯನ್ನು ಸಡಿಲಿಸುತ್ತವೆ, ಬಾವು ಏರುತ್ತದೆ, ಇನ್ನೂ ಜೀವ ಹಿಡಿದುಕೊಂಡಿದ್ದ ಅಕ್ಕಪಕ್ಕದ ಕೋಶಗಳೂ ನಲುಗುತ್ತವೆ. ಆದರೆ ನಾಲ್ಕಾರು ದಿನ ಕಳೆದ ಮೇಲೆ ಬೂದಿ ಬಾಚಿ ನೆಲ ಹಸನು ಮಾಡುವುದೂ ಇದೇ ವ್ಯವಸ್ಥೆಯ ಕೋಶಗಳೇ.

ಹಾಗಾದರೆ ನ್ಯೂಟ್ರೋಫಿಲ್‌ಗಳನ್ನು ಬಾಗಿಲಲ್ಲೇ ತಡೆದರೆ? ಎನ್ಲಿಮೊಮ್ಯಾಬ್ ಎಂಬ ಪ್ರತಿಕಾಯ ಔಷಧದಿಂದ ಅದನ್ನೂ ಮಾಡಿ ನೋಡಿದರು. 625 ರೋಗಿಗಳ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶ 2001ರಲ್ಲಿ ಪ್ರಕಟವಾಯಿತು: ಔಷಧ ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಇಲಿ ಮೂಲದ ಆ ಪ್ರತಿಕಾಯವೇ ದೇಹವನ್ನು ಕೆರಳಿಸಿರಬೇಕು ಎಂಬುದು ವಿಜ್ಞಾನಿಗಳು ಕೊಟ್ಟ ಒಂದು ಕಾರಣ.

ಇನ್ನೊಂದು ಸಂಗತಿ ಮನೆಯವರಿಗೆ ಗೊತ್ತಿರಲೇಬೇಕು. ಮಿದುಳಿನಲ್ಲಿ ಇಷ್ಟೆಲ್ಲ ಗದ್ದಲ ನಡೆದಿರುವಾಗ ಉಳಿದ ಮೈಯಲ್ಲಿ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಪೆಟ್ಟು ತಿಂದ ಮಿದುಳು ಹೊರಡಿಸುವ ಒತ್ತಡದ ಹಾರ್ಮೋನುಗಳಿಂದ ರಕ್ತದಲ್ಲಿ ಲಿಂಫೋಸೈಟ್ ಕಣಗಳು ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ನುಂಗುವ ಶಕ್ತಿಯೂ ಹೋಗಿದ್ದರೆ, ಆ ಉಳಿದರ್ಧ ನೀರು ಶ್ವಾಸನಾಳಕ್ಕೆ ಇಳಿದು ಕಫ ಕಟ್ಟುತ್ತದೆ, ಜ್ವರ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯಲ್ಲಿ 100 ರೋಗಿಗಳಲ್ಲಿ 30 ಮಂದಿಗೆ ಸೋಂಕು, ಅದರಲ್ಲಿ 10 ಮಂದಿಗೆ ನ್ಯುಮೋನಿಯಾ ಕಂಡುಬಂದಿತ್ತು. ಲಕ್ವಾದಿಂದ ಉಳಿದ ಜೀವ ವಾರದೊಳಗೆ ನ್ಯುಮೋನಿಯಾಕ್ಕೆ ಬಲಿಯಾಗುವುದು ಹೀಗೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ತಾಸು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನೇಸರಗಿ ಇರುವುದು ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ. ಸ್ಕ್ಯಾನ್ ಇರುವ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಹೊತ್ತಿರುವಾಗಲೇ ಮುಟ್ಟಬಹುದು. ನಾಟಿ ಔಷಧಿ ಹುಡುಕುತ್ತ ಆ ಹೊತ್ತು ಕಳೆಯಬೇಡಿ. ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಶುರುವಾದ ಸಮಯ ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ನುಂಗುವುದನ್ನು ವೈದ್ಯರು ಪರೀಕ್ಷಿಸುವ ತನಕ ನೀರಾಗಲಿ, ಚಹಾ ಆಗಲಿ, ಗುಳಿಗೆಯಾಗಲಿ ಬಾಯಿಗೆ ಹಾಕಬೇಡಿ.